18 ಸಾವಿರ ಗುಂಡಿನ ನಂತರ ನನ್ನ ಪಾಯಿಂಟ್ ಟೂ-ಟೂ ಬ್ಯಾರಲ್

ಮೈಸೂರಿನ ರೇಂಜ್‌ನಲ್ಲಿ ಏಳು ವರ್ಷದಿಂದ ಇದೇ ಪಾಯಿಂಟ್ ಟೂ-ಟೂ (ಸುಮಾರು 0.22 ಇಂಚು ಅಗಲದ ಗುಂಡಿನ) ರೈಫಲ್‌ನಲ್ಲಿ 50 ಮೀಟರ್ ಪ್ರೋನ್, ಅಂದರೆ ಬೋರಲು ಮಲಗಿ, ಹೊಡೆಯುತ್ತಿದ್ದೇನೆ. ಡೈರಿಯ ಲೆಕ್ಕದಲ್ಲಿ 18 ಸಾವಿರ ಗುಂಡು ದಾಟಿದೆ. ಬ್ಯಾರಲ್ ಇವತ್ತಿಗೂ ಗಟ್ಟಿ. ಆದರೆ ಎರಡು ವರ್ಷದ ಹಿಂದೆ ಇದನ್ನು ಕಿತ್ತು ಹಾಕಿಸುವುದರಲ್ಲಿದ್ದೆ.

ಆಗ ಗ್ರೂಪ್ (ಗುರಿಯ ಕಾಗದದ ಮೇಲೆ ಗುಂಡುಗಳು ಬಿದ್ದ ಗುಂಪು) ಇದ್ದಕ್ಕಿದ್ದಂತೆ ಹರಡಿತು. ನಡುವಿನ ಹತ್ತು ಅಂಕದ ವೃತ್ತದ ಅಗಲ ಬರೀ 10.4 ಮಿಲಿಮೀಟರ್. ನನ್ನ ಗುಂಡುಗಳು ಎಂಟಕ್ಕೆ, ಏಳಕ್ಕೆ ಹೋಗತೊಡಗಿದವು. ತೋರಿಸಿದ ಕಡೆ, ‘ಟ್ವಿಸ್ಟ್ ಸವೆದಿದೆ, ಬ್ಯಾರಲ್ ಬದಲಾಯಿಸಿ’ ಅಂದರು. ಟ್ವಿಸ್ಟ್ ಅಂದರೆ ಗುಂಡನ್ನು ತಿರುಗಿಸುವ, ಬ್ಯಾರಲ್ ಒಳಗಿನ ಸುರುಳಿ ಗೆರೆಗಳ ತಿರುಪು. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಕೊನೆಗೆ ಮನೆಯಲ್ಲೇ ಅಳೆದೆ. ರೈಫಲ್ ಖಾಲಿ ಇದೆಯಾ ನೋಡಿ, ಬೋಲ್ಟ್ ತೆಗೆದೆ. ಹಿಡಿಯಲ್ಲಿ ತಿರುಗುವ ಕ್ಲೀನಿಂಗ್ ರಾಡ್‌ಗೆ ಬಟ್ಟೆ ಬಿಗಿಯಾಗಿ ಸುತ್ತಿ, ರಾಡ್ ಮೇಲೆ ಪೆನ್ನಿನಿಂದ ಚುಕ್ಕೆ ಇಟ್ಟು ಮೆಲ್ಲಗೆ ತಳ್ಳಿದೆ. ಒಳಗಿನ ಗೆರೆಗಳನ್ನು ಹಿಡಿದು ರಾಡ್ ತಾನಾಗೇ ತಿರುಗಿತು. ಚುಕ್ಕೆ ಒಂದು ಸುತ್ತು ಹಾಕಿ ಮತ್ತೆ ಮೇಲೆ ಬರುವಷ್ಟರಲ್ಲಿ ರಾಡ್ 16 ಇಂಚು ಚಿಲ್ಲರೆ ಒಳಗೆ ಹೋಗಿತ್ತು. ಟೂ-ಟೂಗೆ ಇರಬೇಕಾದ ತಿರುಪೇ ಅದು! ತಿರುಪಿನ ಅಳತೆ ಸವೆದು ಬದಲಾಗುವುದಿಲ್ಲ. ಸವೆದರೆ ಗೆರೆಗಳ ಅಂಚು ಸವೆಯಬೇಕು. ಟೂ-ಟೂನಲ್ಲಿ ಅದು ಬಹಳ ನಿಧಾನ, ಗುಂಡು ಮೆತ್ತನೆ ಸೀಸ, ಮದ್ದೂ ಕಡಿಮೆ ಅಲ್ವಾ. ದೊಡ್ಡ ರೈಫಲ್‌ಗಳಲ್ಲೂ ಬ್ಯಾರಲ್ ತಿನ್ನುವುದು ಮುಖ್ಯವಾಗಿ ಚೇಂಬರ್ (ಗುಂಡು ತುಂಬುವ ಹಿಂತುದಿಯ ಗೂಡು) ಮುಂದೆ ನುಗ್ಗುವ ಬಿಸಿ ಗ್ಯಾಸ್. ಟ್ವಿಸ್ಟ್‌ನ ಪಾಲು ತೀರಾ ಸಣ್ಣದು.

ನನ್ನ ರೈಫಲ್‌ನಲ್ಲಿ ಚೇಂಬರ್ ತುದಿಗೆ ಮಸಿ ಉಂಗುರದ ಹಾಗೆ ಕಟ್ಟಿಕೊಂಡಿತ್ತು. ರಾತ್ರಿಯಿಡೀ ಸಾಲ್ವೆಂಟ್ ಹಾಕಿಟ್ಟು ಕಂಚಿನ ಬ್ರಷ್‌ನಲ್ಲಿ ಉಜ್ಜಿದೆ. ಕಾವಲಿ ಒರೆಸಿದ ಬಟ್ಟೆಯಂತೆ ಕಪ್ಪು ಬಂತು. ಮುಂದಿನ ಭಾನುವಾರ ಐದು ಗುಂಡನ್ನೂ ಒಂದು ರೂಪಾಯಿ ನಾಣ್ಯದಿಂದ ಮುಚ್ಚಬಹುದಿತ್ತು. ಕುಣಿದಾಡುವಷ್ಟು ಖುಷಿ ಆಯಿತು.

ಟ್ವಿಸ್ಟ್ ಲೆಕ್ಕಕ್ಕೆ ಬರುವುದು ಗುಂಡಿನ ಉದ್ದದಲ್ಲಿ. 1879ರಲ್ಲಿ ಗ್ರೀನ್‌ಹಿಲ್ ಕೊಟ್ಟ ಸೂತ್ರ ಸುಲಭ: ಗುಂಡಿನ ಅಗಲವನ್ನು ಅದರಿಂದಲೇ ಗುಣಿಸಿ, 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿ. ಎಲ್ಲಾ ಇಂಚಿನಲ್ಲಿ. ನಮ್ಮ 40 ಗ್ರೇನ್ (ಗ್ರೇನ್ ಗುಂಡಿನ ತೂಕದ ಅಳತೆ) ಗುಂಡಿಗೆ ಹತ್ತಿರಹತ್ತಿರ 16 ಬರುತ್ತದೆ, ಅಂದರೆ 16 ಇಂಚಿಗೆ ಒಂದು ಸುತ್ತು. ಉದ್ದನೆಯ 60 ಗ್ರೇನ್ ಗುಂಡಿಗೆ ಈ ಸುತ್ತು ಸಾಲದು. ಓಲಾಡಿಕೊಂಡು ಹೋಗಿ ಕಾಗದಕ್ಕೆ ಅಡ್ಡಡ್ಡ ಬಡಿಯುತ್ತದೆ. ಹಾಗಾಗಿ ಪ್ರೋನ್ ಹೊಡೆಯುವವರು ಸುಮ್ನೆ ಜಾಸ್ತಿ ಟ್ವಿಸ್ಟ್ ಹುಡುಕಬೇಡಿ. ಆ ದುಡ್ಡಲ್ಲಿ ನಾಲ್ಕು ಲಾಟ್ (ಕಾರ್ಖಾನೆಯ ಬೇರೆ ಬೇರೆ ಕಂತಿನ) ಗುಂಡು ಹೊಡೆದು ನೋಡಿ, ನಿಮ್ಮ ಬ್ಯಾರಲ್‌ಗೆ ಒಗ್ಗಿದ್ದನ್ನು ಕೂಡಿಟ್ಟುಕೊಳ್ಳಿ.

ಒಂದು ದೂರು: ಬ್ಲೂಯಿಂಗ್ (ಉಕ್ಕಿಗೆ ತುಕ್ಕು ತಡೆಯುವ ಕಡುನೀಲಿ ಪದರ) ತೆಳು. ಆಷಾಢದ ಜಡಿಮಳೆಯಲ್ಲಿ ಎರಡು ದಿನ ಒರೆಸದಿದ್ದರೆ ತುಕ್ಕಿನ ಚುಕ್ಕೆ ಬರುತ್ತದೆ. ಇನ್ನು ರಾಡ್ ಯಾವಾಗಲೂ ಚೇಂಬರ್ ಕಡೆಯಿಂದಲೇ ಹಾಕಿ. ಬಾಯಿ ಕಡೆಯಿಂದ ಹಾಕಿ ಉಜ್ಜಿದರೆ ಆ ತುದಿಯ ಅಂಚು ಸವೆಯುತ್ತದೆ. ಹಾಗೆ ಕೆಟ್ಟ ಎರಡು ಬ್ಯಾರಲ್‌ಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.