ಹಸುಗೂಸಿನ ಪಿತ್ತನಾಳದ ಸ್ಕ್ಯಾನ್: ಕಂಕನಾಡಿಯ ಒಂದು ಕೇಂದ್ರದ ಸೇವೆ

ತಿಂಗಳು ತುಂಬಿದರೂ ಕಾಮಾಲೆ ಇಳಿಯದೆ, ಮಲವೂ ಸುಣ್ಣದಂತೆ ಬಿಳಿಚಿಕೊಂಡಿದ್ದ ತಂಗಿಯ ಮಗುವನ್ನು ಮಕ್ಕಳ ವೈದ್ಯರ ಸೂಚನೆಯಂತೆ ಮಂಗಳೂರಿನ ಕಂಕನಾಡಿ ಸಮೀಪದ ಸ್ಕ್ಯಾನಿಂಗ್ ಕೇಂದ್ರವೊಂದಕ್ಕೆ ಕರೆದೊಯ್ದಿದ್ದೆವು. ಪಿತ್ತಕೋಶ ತುಂಬಿದ್ದರೆ ಮಾತ್ರ ಅದರ ಆಕಾರ ಸರಿಯಾಗಿ ಕಾಣುವುದರಿಂದ, ನಾಲ್ಕು ಗಂಟೆ ಹಾಲು ಕೊಡದೆ ಕರೆತರುವಂತೆ ಮೊದಲೇ ಫೋನಿನಲ್ಲಿ ತಿಳಿಸಿದ್ದರು.

ರೇಡಿಯಾಲಜಿಸ್ಟ್ ಅವರ ಕೆಲಸ ನಿಜಕ್ಕೂ ಮೆಚ್ಚುವಂಥದ್ದು. ಬೆಚ್ಚಗೆ ಮಾಡಿದ ಜೆಲ್ ಹಚ್ಚಿ, ಎಳೆಯ ಮಕ್ಕಳಿಗೆ ಹೊಂದುವ ಹೆಚ್ಚಿನ ಆವರ್ತನದ ಪ್ರೋಬ್‌ನಿಂದ ಪಿತ್ತಕೋಶದ ಉದ್ದ ಹಾಗೂ ಗೋಡೆಯನ್ನು ಅವರು ಅಳೆದರು; ಯಕೃತ್ತಿನೊಳಕ್ಕೆ ಪೋರ್ಟಲ್ ರಕ್ತನಾಳ ಪ್ರವೇಶಿಸುವಲ್ಲಿ ತ್ರಿಕೋನಾಕಾರದ ನಾರಿನ ಪಟ್ಟಿಯಿದ್ದು, ಅದು 4 ಮಿ.ಮೀ.ಗಿಂತ ದಪ್ಪವಾಗಿದ್ದರೆ ಪಿತ್ತನಾಳಗಳು ಮುಚ್ಚಿಹೋಗುವ ಬಿಲಿಯರಿ ಅಟ್ರೀಸಿಯಾ ಎಂಬ ರೋಗದ ಶಂಕೆ ಬಲವಾಗುತ್ತದೆ ಎಂಬುದನ್ನು ಪರದೆಯ ಮೇಲೆಯೇ ತೋರಿಸಿ ವಿವರಿಸಿದರು. ಸ್ಕ್ಯಾನ್ ಸಹಜವಾಗಿ ಕಂಡಮಾತ್ರಕ್ಕೆ ಈ ರೋಗವಿಲ್ಲವೆಂದು ಹೇಳಲಾಗದು, ರಕ್ತಪರೀಕ್ಷೆ, ಅಗತ್ಯಬಿದ್ದರೆ ಯಕೃತ್ತಿನ ಬಯಾಪ್ಸಿಯೂ ಬೇಕಾಗಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದು ನನಗಂತೂ ಎಲ್ಲಕ್ಕಿಂತ ಹಿಡಿಸಿತು. ವರದಿ ಅಂದೇ ಸಂಜೆ ಕೈಸೇರಿತು. ಈ ರೋಗವಿದ್ದರೆ, ಪಿತ್ತ ಹರಿಯಲೆಂದು ಕರುಳನ್ನು ನೇರವಾಗಿ ಯಕೃತ್ತಿಗೆ ಜೋಡಿಸುವ ಕಸಾಯ್ ಶಸ್ತ್ರಚಿಕಿತ್ಸೆ ಮಗುವಿಗೆ 60 ದಿನ ತುಂಬುವುದರೊಳಗೆ ನಡೆದರೆ ಫಲಿತಾಂಶ ಉತ್ತಮವಾಗಿರುವ ಸಾಧ್ಯತೆ ಹೆಚ್ಚು; ಆದ್ದರಿಂದ ಈ ವೇಗ ಸಣ್ಣ ವಿಷಯವಲ್ಲ.

ಆಕ್ಷೇಪವಿರುವುದು ಕೌಂಟರಿನ ವ್ಯವಸ್ಥೆಯ ಬಗ್ಗೆ. ಹೊಟ್ಟೆ ಖಾಲಿಯಿಟ್ಟುಕೊಂಡು ಅಳುವ ಶಿಶುವಿಗೂ ದೊಡ್ಡವರ ಸಾಲಿನಲ್ಲೇ ಟೋಕನ್ ಕೊಡುತ್ತಾರೆ. ಪರೀಕ್ಷೆ ಮುಗಿದ ಕೂಡಲೇ ತಾಯಿ ಹಾಲೂಡಿಸಲು ಪರದೆ ಕಟ್ಟಿದ ಒಂದು ಮೂಲೆಯೂ ಇಲ್ಲ. ಇಂಥ ಮಕ್ಕಳನ್ನು ಕರೆದೊಯ್ಯುವವರು ಬೆಳಗಿನ ಮೊದಲ ಸಮಯವನ್ನೇ ಕೇಳಿ ಪಡೆಯುವುದು ಒಳ್ಳೆಯದು.