ಒಂದೇ ಗುಂಪೋ, ಎರಡು ಗುಂಪೋ? ಎರಡೂ ಡಿಸೈನ್ ಮಾಡಿ ನೋಡಿದ ಮೇಲೆ

ಹಾಡು ಹಾಕಿಕೊಂಡು ಓದಿದರೆ ಓದಿದ್ದು ತಲೇಲಿ ಉಳಿಯುತ್ತಾ? ಬಳ್ಳಾರಿಯ ಡಿಗ್ರಿ ವಿದ್ಯಾರ್ಥಿಗಳಿಗೆ ಕನ್ನಡ ಪದಗಳ ಪಟ್ಟಿ ಕೊಟ್ಟು ಇದನ್ನು ಎರಡು ಡಿಸೈನಿನಲ್ಲೂ ನೋಡಿದೆ: ಒಂದರಲ್ಲಿ ಹಾಡಿಗೊಂದು ಗುಂಪು, ಮೌನಕ್ಕೊಂದು ಗುಂಪು; ಇನ್ನೊಂದರಲ್ಲಿ ಒಂದೇ ಗುಂಪಿಗೆ ಎರಡೂ. ಸೈಕಾಲಜಿ ಪ್ರಾಜೆಕ್ಟ್ ಶುರು ಮಾಡುವವರು ಮೊದಲು ತಲೆ ಕೆಡಿಸಿಕೊಳ್ಳಬೇಕಾದದ್ದು ಈ ಎರಡರಲ್ಲಿ ಯಾವುದು ಅನ್ನುವುದಕ್ಕೇ.

ಎರಡು ಗುಂಪಿನ ಡಿಸೈನಿನಲ್ಲಿ ಚೀಟಿ ಎತ್ತಿ ಅರ್ಧ ಜನಕ್ಕೆ ಹಾಡು, ಅರ್ಧ ಜನಕ್ಕೆ ಮೌನ. ಒಬ್ಬರು ಒಂದು ಸಲ ಬಂದರೆ ಮುಗಿಯಿತು. ಸಿರುಗುಪ್ಪ, ಕುರುಗೋಡು ಕಡೆಯಿಂದ ಬಸ್ಸಿಗೆ ಬರುವ ಹುಡುಗರಿಗೆ ಇದೇ ಅನುಕೂಲ. ಆದರೆ ಅಂಕಗಳು ಚೆಲ್ಲಾಪಿಲ್ಲಿ. ಇಲ್ಲಿ ಒಬ್ಬರ ಮನೆಮಾತು ತೆಲುಗು, ಇನ್ನೊಬ್ಬರದು ಉರ್ದು, ಮತ್ತೊಬ್ಬರು ಒಂದನೇ ಕ್ಲಾಸಿನಿಂದಲೂ ಕನ್ನಡ ಮೀಡಿಯಂ. ಹಾಡಿನ ಪರಿಣಾಮ ಈ ವ್ಯತ್ಯಾಸದಡಿ ಮುಚ್ಚಿಹೋಗುತ್ತದೆ. ಚೀಟಿ ಎತ್ತಿದರೆ ಪಕ್ಷಪಾತ ಹೋಗುತ್ತದೆ, ಏರುಪೇರು ಹೋಗಲ್ಲ. ಮಧ್ಯಮ ಮಟ್ಟದ ಪರಿಣಾಮ (ಡಿ 0.5, ಅಂದರೆ ಗುಂಪುಗಳ ಸರಾಸರಿಗಳ ಅಂತರ ಅಂಕಗಳ ಏರುಪೇರಿನ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್ನಿನ, ಅರ್ಧದಷ್ಟು) ಹಿಡಿಯಲು, 0.05 ಮಟ್ಟದಲ್ಲಿ (ಇಲ್ಲದ ಪರಿಣಾಮವನ್ನು ಇದೆ ಅನ್ನುವ ಅಪಾಯ ಶೇ. 5) ಶೇ. 80 ಪವರ್ (ಇರುವ ಪರಿಣಾಮ ಸಿಕ್ಕಿಬೀಳುವ ಸಾಧ್ಯತೆ) ಬೇಕೆಂದರೆ, ಗುಂಪಿಗೆ 64ರಂತೆ 128 ಜನ ಬೇಕು.

ಒಂದೇ ಗುಂಪಿಗೆ ಎರಡನ್ನೂ ಕೊಟ್ಟರೆ, ಒಬ್ಬರದೇ ಎರಡು ಅಂಕಗಳ ನಡುವೆ 0.5 ಸಹಸಂಬಂಧ (ಎರಡೂ ಜೊತೆಜೊತೆಗೆ ಏರಿಳಿಯುವ ಪ್ರಮಾಣ; ಪೂರ್ತಿ ಜೊತೆಯಾದರೆ 1) ಇದ್ದರೂ 34 ಜನ ಸಾಕು. ತೆಲುಗು ಮನೆಯ ಹುಡುಗನನ್ನು ಅವನ ಜೊತೆಗೇ ಹೋಲಿಸುತ್ತೇವಲ್ವಾ? ಬದಲಿಗೆ ಇಲ್ಲಿ ಸರದಿಯ ಕಾಟ: ಮೊದಲ ಸಲದ ಅಭ್ಯಾಸ, ದಣಿವು ಎರಡನೇ ಸಲದ ಅಂಕಕ್ಕೂ ಅಂಟಿಕೊಳ್ಳುತ್ತದೆ. ಅರ್ಧ ಜನಕ್ಕೆ ಹಾಡು ಮೊದಲು, ಅರ್ಧ ಜನಕ್ಕೆ ಮೌನ ಮೊದಲು ಮಾಡಬೇಕು. ಪದಪಟ್ಟಿಗಳನ್ನೂ ಅದಲುಬದಲು ಮಾಡಬೇಕು. ಅಷ್ಟಾದರೂ ಪೂರ್ತಿ ಬಗೆಹರಿಯಲ್ಲ. ಮೊದಲ ಪಟ್ಟಿ ಮುಗಿಸಿದ ಒಬ್ಬ ಹುಡುಗಿ, "ಮೇಡಂ, ಈ ಸಲ ಪದಗಳನ್ನೆಲ್ಲ ಸೇರಿಸಿ ಕಥೆ ಕಟ್ಕೊಂತೀನಿ" ಅಂದಳು. ಈ ಉಪಾಯ ಮೌನದಲ್ಲಿ ಕಲಿತವರಿಗೆ ಒಂದು ಥರ, ಹಾಡಿನಲ್ಲಿ ಕಲಿತವರಿಗೆ ಇನ್ನೊಂದು ಥರ ಕೆಲಸ ಮಾಡಿದರೆ ಸರದಿ ಬದಲಿಸಿಯೂ ಉಪಯೋಗವಿಲ್ಲ. ಹಾಗಾಗಿ ಇನ್ನೂ ಏನೂ ಅಂಟಿಕೊಳ್ಳದ ಮೊದಲ ಸರದಿಯ ಅಂಕಗಳನ್ನು ಬೇರೆಯಾಗಿಯೂ ನೋಡಲೇಬೇಕು. ಎರಡು ಸರದಿಯ ನಡುವೆ ವಾರ ಬಿಟ್ಟರೆ ಜನ ವಾಪಸ್ ಬರಲ್ಲ. ಒಂದೇ ಬೆಳಿಗ್ಗೆ, ಬಿಸಿಲೇರುವ ಮೊದಲೇ, ನಡುವೆ ಚಹಾ ಕುಡಿಸಿ ಮುಗಿಸುವುದು ಒಳ್ಳೆಯದು.

ಪೂರ್ವಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಒಂದೇ ಅಂಕ ಪಡೆದ ಇಬ್ಬರನ್ನು ಜೋಡಿ ಮಾಡಿ, ಒಬ್ಬರಿಗೆ ಹಾಡು, ಇನ್ನೊಬ್ಬರಿಗೆ ಮೌನ ಕೊಡುವ ದಾರಿಯೂ ಇದೆ. ಆದರೆ ಜೋಡಿಯಲ್ಲಿ ಒಬ್ಬರು ಬರದಿದ್ದರೆ ಇನ್ನೊಬ್ಬರ ಶ್ರಮವೂ ವ್ಯರ್ಥ.

ಅಭಿಪ್ರಾಯ ಅಳೆಯುವಾಗ ಎರಡು ಗುಂಪನ್ನು ಸುಮ್ನೆ ನಂಬಬೇಡಿ. 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಮೆರಿಕದ ಮನೋವಿಜ್ಞಾನಿ ಮೈಕೆಲ್ ಬರ್ನ್‌ಬಾಮ್ ಒಂದು ಗುಂಪಿಗೆ 9 ಎಷ್ಟು ದೊಡ್ಡ ಸಂಖ್ಯೆ ಅಂತ, ಇನ್ನೊಂದಕ್ಕೆ 221 ಎಷ್ಟು ದೊಡ್ಡದು ಅಂತ ಕೇಳಿದರು. ದೊಡ್ಡದು ಅನ್ನಿಸಿಕೊಂಡಿದ್ದು 9! ಒಂದಂಕಿಗಳ ನಡುವೆ 9 ದೊಡ್ಡದು, ಮೂರಂಕಿಗಳ ನಡುವೆ 221 ಚಿಕ್ಕದು. ಎರಡನ್ನೂ ಒಬ್ಬರಿಗೇ ತೋರಿಸಿದ್ದರೆ ಹೀಗಾಗುತ್ತಿರಲಿಲ್ಲ.

ನೆನಪು, ಗಮನದಂಥ ಕೆಲಸಕ್ಕೆ ನಮ್ಮ ಕಡೆ ಒಂದೇ ಗುಂಪೇ ವಾಸಿ ಅಂತ ನನ್ನ ಅಭಿಪ್ರಾಯ. ಮೊದಲೇ ಹೇಳದೆ ನೆನಪು ಕೇಳುವ ಪರೀಕ್ಷೆಯಾದರೆ ಮಾತ್ರ ಅದು ನಡೆಯಲ್ಲ, ಎರಡನೇ ಸಲಕ್ಕೆ ಗುಟ್ಟು ಬಯಲಾಗಿರುತ್ತದೆ. ಆಗ ಎರಡು ಗುಂಪು ಮಾಡಿ. ಎಷ್ಟು ಜನ ಅಂತ ಮೊದಲೇ ಬರೆದಿಟ್ಟುಕೊಂಡು, ಅಷ್ಟು ಜನ ಸೇರುವವರೆಗೆ ಫಲಿತಾಂಶ ತೆರೆದು ನೋಡಬೇಡಿ.