ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರೇ, ಮೊದಲು ಹಳೆ ಮಾಲೀಕರ ಮೊಬೈಲಿನಿಂದ ಅದನ್ನು ಬಿಡಿಸಿಕೊಳ್ಳಿ

“ಮೇಡಂ, ನಿಮ್ಮ ಗಾಡಿ ಲಾಕ್ ಆಗಿಲ್ಲ ನೋಡ್ರಿ. ನಾ ಇಲ್ಲಿಂದನ ಲಾಕ್ ಮಾಡ್ಲೇನು?”

ರಾತ್ರಿ ಒಂಬತ್ತೂವರೆಗೆ ಈ ಫೋನ್ ಬಂದಾಗ ಧಾರವಾಡದ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಮಾತಾಡುತ್ತಿದ್ದವರು ನಾಲ್ಕು ತಿಂಗಳ ಹಿಂದೆ ನನಗೆ ಕಾರು ಮಾರಿದವರು. ಅವರಿದ್ದದ್ದು ಬೆಳಗಾವಿಯಲ್ಲಿ. ನಾನು ಎದ್ದು ಕಿಟಕಿಯ ಹತ್ತಿರ ಹೋಗುವಷ್ಟರಲ್ಲಿ ಅಂಗಳದಲ್ಲಿದ್ದ ಕಾರಿನ ಇಂಡಿಕೇಟರ್ ಎರಡು ಸಲ ಮಿನುಗಿತು, ಬಾಗಿಲು ಟಕ್ ಎಂದು ಲಾಕ್ ಆಯಿತು. ಕೀ ನನ್ನ ಪರ್ಸಿನಲ್ಲೇ ಇತ್ತು.

ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. “ಹುಬ್ಬಳ್ಳಿ ಆಸ್ಪತ್ರೆಗೆ ವಾರಾ ವಾರಾ ಹೊಂಟೀರಲ್ಲ, ಮನ್ಯಾಗ ಎಲ್ಲಾರೂ ಅರಾಮ ಅದಾರಿಲ್ರಿ?” ಎಂದು ಕೇಳಿದರು. ಕಾಳಜಿಯಿಂದಲೇ ಕೇಳಿದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಮ್ಮನ ಕಾಯಿಲೆಯ ವಿಷಯ ನಾವು ಇನ್ನೂ ಸ್ವಂತ ಸೋದರಮಾವನಿಗೂ ಹೇಳಿರಲಿಲ್ಲ. ಅಮ್ಮ ಬೇಡ ಅಂದಿದ್ದಳು. ಎಂದೋ ಒಮ್ಮೆ ನೋಡಿದ ಮನುಷ್ಯನಿಗೆ ಅದು ಗೊತ್ತಿತ್ತು. ಯಾವ ವಾರ, ಎಷ್ಟು ಗಂಟೆಗೆ ಹೋದೆವು, ಎಷ್ಟು ಹೊತ್ತು ಕಾರು ಅಲ್ಲಿ ನಿಂತಿತ್ತು, ಎಲ್ಲವೂ. ನನ್ನ ಕೈ ನಡುಗಿ ಫೋನ್ ಇಟ್ಟುಬಿಟ್ಟೆ.

ಕಾರು ಹುಬ್ಬಳ್ಳಿಯ ಒಬ್ಬ ಏಜೆಂಟರ ಮೂಲಕ ಬಂದದ್ದು. ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, ಫಾರ್ಮ್ 30, ಇನ್ಶೂರೆನ್ಸ್ ವರ್ಗಾವಣೆ ಎಲ್ಲವನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಮಾಡಿಸಿದ್ದೆ. ಆರ್‌ಸಿ ನನ್ನ ಹೆಸರಿಗೆ ಬಂತು. ಆದರೆ ಕಾರು ಎಲ್ಲಿದೆ ಎಂದು ಮೊಬೈಲಿನಲ್ಲೇ ನೋಡುವ, ದೂರದಿಂದಲೇ ಲಾಕ್ ಮಾಡುವ ಕಾರು ಕಂಪನಿಯ ಆ್ಯಪ್‌ನಲ್ಲಿ ಅದು ಇನ್ನೂ ಹಳೆಯವರದ್ದೇ ಆಗಿತ್ತು. ಏಜೆಂಟರೂ ಹೇಳಲಿಲ್ಲ, ಆರ್‌ಟಿಒ ಕಾಗದಗಳಲ್ಲೂ ಈ ಪ್ರಶ್ನೆ ಇಲ್ಲ.

ನಾನು ತಿಳಿದಿದ್ದೇ ತಪ್ಪಾಗಿತ್ತು. ನನ್ನ ಮೊಬೈಲ್ ಕಾರಿಗೆ ಜೋಡಿಸದಿದ್ದರೆ ಏನೂ ಹೊರಗೆ ಹೋಗುವುದಿಲ್ಲ ಅಂದುಕೊಂಡಿದ್ದೆ. ಇಂಥ ಕಾರುಗಳಲ್ಲಿ ಕಂಪನಿಯೇ ಹಾಕಿದ ಇ-ಸಿಮ್, ಅಂದರೆ ಕಾರಿನೊಳಗೇ ಕೂರಿಸಿದ ಸಿಮ್, ಇರುತ್ತದೆ. ಕಾರು ಎಲ್ಲಿದೆ, ಎಷ್ಟು ವೇಗದಲ್ಲಿದೆ, ಬಾಗಿಲು ಹಾಕಿದೆಯೋ ಇಲ್ಲವೋ ಎಂಬುದನ್ನು ಅದು ತಾನೇ ಕಂಪನಿಯ ಸರ್ವರ್‌ಗೆ ಕಳಿಸುತ್ತದೆ. ಆ್ಯಪ್ ತೋರಿಸುವುದು ಅಲ್ಲಿಂದ ಬಂದದ್ದನ್ನು. ಬ್ಲೂಟೂತ್ ಆಫ್ ಮಾಡಿದರೆ ಇದು ನಿಲ್ಲುವುದಿಲ್ಲ.

ಮರುದಿನ ಸರ್ವಿಸ್ ಸೆಂಟರಿಗೆ ಹೋದೆ. “ಹಳೆ ಓನರ್ರೇ ಆ್ಯಪ್‌ನಿಂದ ತೆಗೀಬೇಕ್ರಿ, ಇಲ್ಲಾಂದ್ರ ಆರ್‌ಸಿ, ಆಧಾರ್ ಕೊಟ್ಟು ಅರ್ಜಿ ಹಾಕ್ರಿ” ಅಂದರು. ಮನಸ್ಸಿಲ್ಲದ ಮನಸ್ಸಿನಿಂದ ಆ ಹಿರಿಯರಿಗೇ ಫೋನ್ ಮಾಡಿದೆ. “ತಗೀಬೇಕಂತ ನನಗ ಗೊತ್ತಿದ್ದಿಲ್ರಿ ಯವ್ವಾ, ನೋಟಿಫಿಕೇಶನ್ ಬರ್ತಿದ್ವು, ನೋಡ್ತಿದ್ದೆ” ಎಂದು ತುಂಬ ನೊಂದುಕೊಂಡರು, ಆಗಲೇ ತೆಗೆದರು. ಅವರು ಒಳ್ಳೆಯವರು. ಬೇರೆ ಯಾರಾದರೂ ಆಗಿದ್ದರೆ? ಮನೆಯಲ್ಲಿ ನಾವಿಬ್ಬರೇ ಹೆಂಗಸರು. ನಾವು ಮನೆಯಲ್ಲಿಲ್ಲದ ಹೊತ್ತು ಯಾವುದೆಂದು ಆ ಆ್ಯಪ್ ನೋಡಿದರೆ ಸಾಕು, ತಿಳಿಯುತ್ತಿತ್ತು.

ಇದು ಮಾರುವವರಿಗೂ ಅಪಾಯವೇ. ಕಾರಿನ ಸ್ಕ್ರೀನ್ ತೆರೆದು ನೋಡಿದರೆ ಅವರ ಮಗಳ ನಂಬರ್, ಡಾಕ್ಟರ್ ನಂಬರ್, ‘ಮನೆ’ ಎಂದು ಸೇವ್ ಮಾಡಿದ ವಿಳಾಸ ಎಲ್ಲ ಹಾಗೇ ಕೂತಿದ್ದವು.

ಆಮೇಲೆ ಈ ಬಗ್ಗೆ ಓದುತ್ತಾ ಹೋದಂತೆ ಭಯ ಹೆಚ್ಚಾಯಿತು. ಜನರಲ್ ಮೋಟಾರ್ಸ್ ಕೆಲವು ಕಾರುಗಳಿಂದ 3 ಸೆಕೆಂಡಿಗೊಮ್ಮೆ ಸ್ಥಳದ ಮಾಹಿತಿ ತೆಗೆದುಕೊಂಡು, ಸರಿಯಾದ ಒಪ್ಪಿಗೆಯಿಲ್ಲದೆ ಮಾರಿತು ಎಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಆರೋಪಿಸಿತು. ಆ ಮಾಹಿತಿ ಇನ್ಶೂರೆನ್ಸ್ ಕಂಪನಿಗಳವರೆಗೂ ತಲುಪಿತ್ತು. ಅದಕ್ಕೂ ಒಂದು ತಿಂಗಳ ಹಿಂದೆ ಫೋಕ್ಸ್‌ವ್ಯಾಗನ್ ಸಮೂಹದ ಸುಮಾರು 8 ಲಕ್ಷ ಎಲೆಕ್ಟ್ರಿಕ್ ಕಾರುಗಳ ಮಾಹಿತಿ ಅಂತರ್ಜಾಲದಲ್ಲಿ ರಕ್ಷಣೆಯಿಲ್ಲದೆ ಬಿದ್ದಿದ್ದು ಬೆಳಕಿಗೆ ಬಂದಿತ್ತು. ನಮ್ಮಲ್ಲಿ 2017ರಲ್ಲೇ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಎಂದಿದೆ. ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ವೈಯಕ್ತಿಕ ಡೇಟಾ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂತು, ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ.

ಕಾನೂನು ನಿಮ್ಮ ಮನೆಬಾಗಿಲಿಗೆ ಬರುವವರೆಗೆ ಕಾಯಬೇಡಿ. ಪೂರ್ತಿ ಹಣ ಕೊಡುವ ಮುಂಚೆ ಹಳೆ ಮಾಲೀಕರನ್ನು ಎದುರಿಗೆ ಕೂರಿಸಿಕೊಂಡು ಆ್ಯಪ್‌ನಿಂದ ಕಾರನ್ನು ತೆಗೆಸಿ. ಅವರ ಮನೆಯವರ ಮೊಬೈಲಿನಲ್ಲೂ ಅದು ಇರಬಹುದು, ಕೇಳಿ. ಕಾರಿನ ಸ್ಕ್ರೀನಿನ ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ, ಅದರಲ್ಲಿ ಉಳಿದ ಹಳೆಯದೆಲ್ಲ ಅಳಿಯುತ್ತದೆ. ನಂತರ ಅವರ ಮೊಬೈಲಿನಿಂದಲೇ ಒಮ್ಮೆ ಲಾಕ್ ಮಾಡಿಸಿ ನೋಡಿ, ಆಗಬಾರದು; ಈ ಒಂದು ಪರೀಕ್ಷೆ ಬಿಡಲೇಬೇಡಿ. ಸರ್ವಿಸ್ ಸೆಂಟರಿನಲ್ಲಿ ಕಾರನ್ನು ನಿಮ್ಮ ಹೆಸರಿಗೆ ನೋಂದಾಯಿಸಿಕೊಳ್ಳಿ, ಆ್ಯಪ್ ನಿಮಗೆ ಬೇಡವಾಗಿದ್ದರೂ ಸರಿ. ಫಾಸ್ಟ್ಯಾಗ್ ಕೂಡ ಹೊಸದು ಹಾಕಿಸಿ, ಇಲ್ಲದಿದ್ದರೆ ನೀವು ದಾಟಿದ ಟೋಲ್‌ನ ಮೆಸೇಜ್ ಹಳೆಯವರಿಗೇ ಹೋಗುತ್ತದೆ.

ನನ್ನ ಆ ನಾಲ್ಕು ತಿಂಗಳ ಓಡಾಟದ ದಾಖಲೆಯನ್ನು ಸರ್ವರ್‌ನಿಂದ ಅಳಿಸಿ ಎಂದು ಕಂಪನಿಗೆ ಇಮೇಲ್ ಕಳಿಸಿ 19 ದಿನವಾಯಿತು. ದೂರಿನ ಸಂಖ್ಯೆ ಬಂದಿದೆ, ಉತ್ತರ ಬಂದಿಲ್ಲ. ಅಮ್ಮ ಈಗ ಆಸ್ಪತ್ರೆಗೆ ಆಟೋದಲ್ಲಿ ಹೋಗೋಣ ಅನ್ನುತ್ತಾಳೆ.